ಪಿಜ್ಜಾ ತಳ ಬೇಯುತ್ತಲೇ ಇರಲಿಲ್ಲ, ದೋಸೆ ಹೆಂಚು ಸರಿ ಮಾಡಿತು

ಮೂರು ಭಾನುವಾರ ಮನೆಯಲ್ಲೇ ಪಿಜ್ಜಾ ಮಾಡಿದೆ. ಮೂರು ಸಲವೂ ಮೇಲೆ ಚೀಸ್ ಕೆಂಪಗಾಯಿತು, ತಳ ಮಾತ್ರ ಹಸಿ ಹಸಿ. ಹಿಟ್ಟೇನೋ ಚೆನ್ನಾಗಿಯೇ ಉಬ್ಬಿತ್ತು. ಮೈಸೂರಿನ ಬೇಸಿಗೆಗೆ ಒಂದೂವರೆ ಗಂಟೆ ಸಾಕು. ತೊಂದರೆ ಇದ್ದದ್ದು ತಟ್ಟೆಯಲ್ಲಿ. ತೆಳು ಅಲ್ಯೂಮಿನಿಯಂ ತಟ್ಟೆಯನ್ನು ತಣ್ಣಗೇ ಒಳಗಿಟ್ಟರೆ ಅದು ಕಾಯುವಷ್ಟರಲ್ಲಿ ಮೇಲಿನದು ಬೆಂದಿರುತ್ತದೆ, ಅಲ್ವಾ?

ಈ ಸಲ ಅಮ್ಮನ ಕಬ್ಬಿಣದ ದೋಸೆ ಹೆಂಚನ್ನೇ ಓವನ್‌ನಲ್ಲಿಟ್ಟು 250 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದೆ. ದಪ್ಪ ಕಬ್ಬಿಣ ಬಿಸಿಯನ್ನು ಹಿಡಿದಿಟ್ಟು ತಳಕ್ಕೆ ಒಮ್ಮೆಲೇ ಕೊಡುತ್ತದೆ. ದೇವರಾಜ ಮಾರ್ಕೆಟ್ಟಿನಿಂದ ತಂದ ನಾಟಿ ಟೊಮೆಟೊದಲ್ಲಿ ನೀರು ಜಾಸ್ತಿ. ಬೀಜ ತೆಗೆದು, ಗೊಜ್ಜಿನಷ್ಟು ಗಟ್ಟಿಯಾಗುವವರೆಗೆ ಕುದಿಸಿದೆ. ಮಣೆಗೆ ಚಿರೋಟಿ ರವೆ ಉದುರಿಸಿ, ಪಿಜ್ಜಾವನ್ನು ಹೆಂಚಿಗೆ ಜಾರಿಸಿದೆ. ಚುಂಯ್ ಅಂದಿತು! ಹತ್ತು ನಿಮಿಷಕ್ಕೆ ಅಂಚು ಎತ್ತಿ ನೋಡಿದರೆ ತಳದ ತುಂಬ ಕಂದು ಚುಕ್ಕೆ. ಬೆರಳಲ್ಲಿ ತಟ್ಟಿದರೆ ಟಕ್ ಟಕ್.