ಎಳೆಯ ಕೈಗಳಿಗೆ ಯಾವ ಕಡಿವಾಣ: ಸವಾರಿ ಕಲಿಸುತ್ತಾ ನಾನು ಕಂಡುಕೊಂಡದ್ದು

ಸವಾರಿ ಕಲಿಯುತ್ತಿರುವ ಮಗುವಿನ ಕೈಯಲ್ಲಿ ಕುದುರೆ ಒಮ್ಮೆ ಹತೋಟಿ ತಪ್ಪಿ ಓಡಿತೆಂದರೆ, ಮರುದಿನ ಆ ಮಗುವಿನ ತಂದೆಯೋ ತಾಯಿಯೋ ಬಂದು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: "ಮೇಡಂ, ಇದಕ್ಕಿಂತ ಸ್ಟ್ರಾಂಗ್ ಆದ ಬಿಟ್ ಹಾಕಿಸಬಹುದಲ್ಲವೇ?" ಅವರದು ತಪ್ಪೆಂದು ನಾನು ಹೇಳಲಾರೆ. ನಮ್ಮ ಮಾತಿನಲ್ಲಿ 'ಕಡಿವಾಣ ಹಾಕು' ಎಂದರೆ ತಡೆದು ನಿಲ್ಲಿಸು ಎಂದೇ ಅರ್ಥ ನಿಂತುಹೋಗಿದೆ. ಹಾಗಾಗಿ ಕುದುರೆಯ ಬಾಯಲ್ಲಿರುವ ಬಿಟ್ ಎಂಬ ಆ ಲೋಹದ ತುಂಡೇ ಕುದುರೆಯನ್ನು ನಿಲ್ಲಿಸುವ ಸಾಧನವೆಂದು ಎಲ್ಲರೂ ನಂಬುತ್ತಾರೆ. ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳಿಗೆ ಸವಾರಿ ಕಲಿಸಲು ತೊಡಗಿದ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ನಂಬಿದ್ದೆ, ಮತ್ತು ಆ ನಂಬಿಕೆಯ ಬೆಲೆಯನ್ನು ಒಬ್ಬ ಹುಡುಗಿಯೂ ಅವಳ ಕುದುರೆಯೂ ತೆತ್ತರು.

ಆ ಹುಡುಗಿಗೆ ಆಗ ಹದಿಮೂರು ವರ್ಷ. ಕುದುರೆ ರೇಸಿನಿಂದ ನಿವೃತ್ತವಾದ, ಬೀಜ ಒಡೆಸಿದ ಏಳು ವರ್ಷದ ಥರೋಬ್ರೆಡ್, ಅಂದರೆ ಓಟಕ್ಕೆಂದೇ ಬೆಳೆಸುವ ತಳಿಯದು. ನಮ್ಮ ಕಡೆಯ ಸವಾರಿ ಶಾಲೆಗಳಲ್ಲಿ ಇಂಥ ಕುದುರೆಗಳು ಬಹಳ. ಬೆಂಗಳೂರು, ಮೈಸೂರುಗಳ ರೇಸ್ ಕೋರ್ಸ್‌ಗಳಲ್ಲಿ ಓಟ ಮುಗಿಸಿದವು ಕಡಿಮೆ ಬೆಲೆಗೆ ಸಿಗುತ್ತವೆ, ಸ್ವಭಾವವೂ ಒಳ್ಳೆಯದಿರುತ್ತದೆ. ಆದರೆ ರೇಸ್ ಕುದುರೆ ಕಡಿವಾಣದ ಬಗ್ಗೆ ಕಲಿತ ಪಾಠ ನಾವು ಕಲಿಸಬೇಕಾದ ಪಾಠಕ್ಕೆ ತೀರ ವಿರುದ್ಧವಾದದ್ದು. ಓಟದಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಷ್ಟೂ ಕುದುರೆ ಬಿಟ್‌ನ ಮೇಲೆ ಭಾರ ಹಾಕಿ, ಅದನ್ನೇ ಆನಿಕೆಯಾಗಿ ಮಾಡಿಕೊಂಡು ಮುನ್ನುಗ್ಗುತ್ತದೆ. ಭಯಗೊಂಡ ಮಗು ಲಗಾಮನ್ನು ಎರಡೂ ಕೈಗಳಿಂದ ಎಳೆದು ಹಿಡಿದಾಗ ಆ ಕುದುರೆಗೆ ಕೇಳಿಸುವುದು 'ನಿಲ್ಲು' ಎಂದಲ್ಲ, 'ಓಡು' ಎಂದು.

ನನಗೆ ಆಗ ಇದು ಹೊಳೆಯಲಿಲ್ಲ. ಸಾದಾ ಸ್ನ್ಯಾಫಲ್ ತೆಗೆದು ಮೂರು ಉಂಗುರಗಳ ಗ್ಯಾಗ್ ಹಾಕಿಸಿ, ಲಗಾಮನ್ನು ಕೆಳಗಿನ ಉಂಗುರಕ್ಕೆ ಕಟ್ಟಿಸಿದೆ. ಸ್ನ್ಯಾಫಲ್‌ನಲ್ಲಿ ಕೈ ಎಷ್ಟು ಎಳೆಯುತ್ತದೆಯೋ ಅಷ್ಟೇ ಒತ್ತಡ ನೇರವಾಗಿ ಬಾಯಿಗೆ ತಲುಪುತ್ತದೆ. ಗ್ಯಾಗ್‌ನಲ್ಲಿ ಅದೇ ಎಳೆತ ಸನ್ನೆಗೋಲಿನಂತೆ ಹೆಚ್ಚಾಗಿ, ಬಿಟ್ ತುಟಿಯ ಮೂಲೆಗಳತ್ತ ಮೇಲಕ್ಕೇರುವಾಗಲೇ ಕಿವಿಗಳ ಹಿಂದಿನ ನೆತ್ತಿಯನ್ನೂ ಕೆಳಕ್ಕೆ ಅದುಮುತ್ತದೆ. ಮೊದಲ ಎರಡು ವಾರ ಕುದುರೆ ನಿಂತಿತು. ಮೂರನೆಯ ವಾರದಿಂದ ಅದು ತಲೆಯನ್ನು ಮೇಲೆತ್ತಿ, ಬೆನ್ನನ್ನು ತಗ್ಗಿಸಿಕೊಂಡು ಓಡಲಾರಂಭಿಸಿತು. ಒಂದು ದಿನ ಎಪ್ಪತ್ತು ಸೆಂಟಿಮೀಟರ್‌ನ ಸಣ್ಣ ಅಡ್ಡಗೋಲನ್ನು ಹಾರುವಾಗ ಹುಡುಗಿ ಹಿಂದಕ್ಕೆ ಜೋಲಿ ಹೊಡೆದು ಲಗಾಮಿಗೆ ಜೋತುಬಿದ್ದಳು. ಆ ನೋವನ್ನು ಕುದುರೆ ಮರೆಯಲಿಲ್ಲ, ಮುಂದಿನ ವಾರವೆಲ್ಲ ಅಡ್ಡಗೋಲಿನ ಎದುರು ಬಂದೊಡನೆ ಕಾಲೂರಿ ನಿಂತುಬಿಡುತ್ತಿತ್ತು. ಸಾಲದೆಂಬಂತೆ, ಡ್ರೆಸಾಜ್ ಪರೀಕ್ಷೆಗೆಂದು, ಅಂದರೆ ಕುದುರೆಯ ನಡೆ ಮತ್ತು ವಿಧೇಯತೆಗೆ ಅಂಕ ಕೊಡುವ ವಿಭಾಗಕ್ಕೆಂದು, ಅದೇ ಬಿಟ್‌ನಲ್ಲಿ ಅವಳನ್ನು ಒಂದು ಸ್ಪರ್ಧೆಗೆ ಕರೆದೊಯ್ದೆ. ಕಣಕ್ಕೆ ಇಳಿಯುವ ಮುನ್ನ ಬಿಟ್ ನೋಡಿದ ಸ್ಟೀವರ್ಡ್ (ನಿಯಮಪಾಲನೆ ನೋಡುವ ಅಧಿಕಾರಿ), ಡ್ರೆಸಾಜ್‌ನಲ್ಲಿ ಗ್ಯಾಗ್‌ಗೆ ಅನುಮತಿ ಇಲ್ಲವೆಂದು ಸೌಮ್ಯವಾಗಿಯೇ ತಿಳಿಸಿದರು. ನಿಯಮ ಓದದೆ ಹೋದವಳು ನಾನು. ಅಳುತ್ತಾ ಕುದುರೆಯಿಂದ ಇಳಿದವಳು ಅವಳು.

ಅಂದಿನಿಂದ ನಾನು ಬಿಟ್ ಆಯ್ಕೆಯನ್ನು ಅಂಗಡಿಯಲ್ಲಿ ಅಲ್ಲ, ಕುದುರೆಯ ಬಾಯಿ ತೆರೆದು ನೋಡುವುದರಿಂದ ಆರಂಭಿಸುತ್ತೇನೆ. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ವಸಡಿನ ಜಾಗವೊಂದಿದೆ. ಬಿಟ್ ನಾಲಿಗೆಯ ಮೇಲೆ, ಆ ಜಾಗದಲ್ಲಿ ಕೂರುತ್ತದೆ. ಅಲ್ಲಿನ ವಸಡು ಎಲುಬಿನ ಮೇಲೆ ಹೊದಿಸಿದ ತೆಳು ಪದರವಷ್ಟೇ, ಒತ್ತಡ ನೇರವಾಗಿ ಎಲುಬಿಗೇ ತಾಗುತ್ತದೆ. ಗಂಡು ಕುದುರೆಗಳಲ್ಲಿ ನಾಲ್ಕೈದನೆಯ ವಯಸ್ಸಿನಲ್ಲಿ ಕೋರೆಹಲ್ಲುಗಳು ಇದೇ ಅಂತರದಲ್ಲಿ ಮೂಡುತ್ತವೆ. ಮೇಲಿನ ದವಡೆ ಹಲ್ಲುಗಳ ಮುಂದೆ ಕೆಲವು ಕುದುರೆಗಳಿಗೆ 'ವುಲ್ಫ್ ಟೂತ್' ಎಂಬ ಕಿರುಹಲ್ಲು ಇರುತ್ತದೆ; ಬಿಟ್ ಅದಕ್ಕೆ ಬಡಿದರೆ, ಅಥವಾ ಕೆನ್ನೆಯ ಒಳಚರ್ಮವನ್ನು ಅದರತ್ತ ಒತ್ತಿದರೆ, ಕುದುರೆ ತಲೆ ಕೊಡವುತ್ತದೆ. ಹೀಗೆ ತಲೆ ಕೊಡವುವ ಕುದುರೆಗೆ ನಾವು ಹಠಮಾರಿ ಎಂಬ ಹೆಸರಿಡುತ್ತೇವೆ. ಆ ಹುಡುಗಿಯ ಕುದುರೆಯ ದವಡೆ ಹಲ್ಲುಗಳ ಹೊರ ಅಂಚು ಚಾಕುವಿನಂತೆ ಹರಿತವಾಗಿತ್ತು, ಕೆನ್ನೆಯ ಒಳಗೆ ಹುಣ್ಣಾಗಿತ್ತು. ಪಶುವೈದ್ಯರು ಹಲ್ಲುಗಳನ್ನು ಅರದಿಂದ ಉಜ್ಜಿ ಸಮ ಮಾಡಿದ ನಂತರ ಹತ್ತು ದಿನ ಬಾಯಿಗೆ ಏನನ್ನೂ ಹಾಕದೆ ಬಿಟ್ಟೆವು. ಆಮೇಲೆ ನಮ್ಮ ಅರ್ಧದಷ್ಟು ತೊಂದರೆ ತಾನಾಗಿಯೇ ಇಳಿದಿತ್ತು. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸದ ಕುದುರೆಗೆ ಬಿಟ್ ಬದಲಾಯಿಸುವ ಮಾತನ್ನು ನಾನು ಈಗ ಎತ್ತುವುದೇ ಇಲ್ಲ.

ಅನಂತರ ಅಳತೆ. ನಯವಾಗಿ ಉಜ್ಜಿದ ಮರದ ಕಡ್ಡಿಯೊಂದನ್ನು ಬಿಟ್ ಕೂರುವ ಜಾಗದಲ್ಲಿ ಅಡ್ಡಲಾಗಿ ಇಟ್ಟು, ತುಟಿಯ ಎರಡೂ ಮೂಲೆಗಳಲ್ಲಿ ಗುರುತು ಹಾಕಿ, ಅದಕ್ಕೆ ಪ್ರತಿ ಬದಿಗೆ ಐದಾರು ಮಿಲಿಮೀಟರ್ ಸೇರಿಸುತ್ತೇನೆ. ನಮ್ಮ ಥರೋಬ್ರೆಡ್‌ಗಳಿಗೆ ಸಾಮಾನ್ಯವಾಗಿ 5 ಅಥವಾ 5¼ ಇಂಚು ಸರಿಹೋಗುತ್ತದೆ. 5½ ಇಂಚಿನದು ಹಾಕಿದರೆ ಒಂದು ಲಗಾಮು ಎಳೆದೊಡನೆ ಇಡೀ ಬಿಟ್ ಆ ಬದಿಗೆ ಜಾರುತ್ತದೆ. ದಪ್ಪದ ವಿಷಯದಲ್ಲಿ ನಾನು ಬಹುಕಾಲ ತಪ್ಪು ತಿಳಿದಿದ್ದೆ. ದಪ್ಪ ಬಿಟ್ ಮೃದು, ತೆಳು ಬಿಟ್ ಕಠಿಣ ಎಂಬುದು ಸ್ವಲ್ಪ ಮಟ್ಟಿಗೆ ನಿಜ, ಏಕೆಂದರೆ ಒತ್ತಡ ಹೆಚ್ಚು ಜಾಗಕ್ಕೆ ಹರಡುತ್ತದೆ. ಆದರೆ ಬಾಯಿ ಮುಚ್ಚಿದಾಗ ಕುದುರೆಯ ನಾಲಿಗೆ ಒಳಗಿನ ಜಾಗವನ್ನು ಬಹುಪಾಲು ತುಂಬಿಕೊಂಡಿರುತ್ತದೆ. ಥರೋಬ್ರೆಡ್‌ನ ಸಣ್ಣ ಬಾಯಿಯೊಳಗೆ 18 ಮಿಲಿಮೀಟರ್ ದಪ್ಪದ್ದನ್ನು ತುರುಕಿದರೆ ಪಾಪ, ಅದು ಬಾಯಿ ಮುಚ್ಚುವುದಾದರೂ ಹೇಗೆ? ಈ ಕುದುರೆಗೆ 14 ಮಿಲಿಮೀಟರ್‌ಗೆ ಇಳಿಸಿದ ದಿನವೇ ಅದು ಬಾಯಿ ಮುಚ್ಚಿ, ಮೆಲ್ಲಗೆ ಜೊಲ್ಲು ನೊರೆಯಾಡಿಸುತ್ತಾ ನಡೆಯಿತು.

ಬಿಟ್‌ನ ಆಕಾರವನ್ನು ಮಗುವಿನ ಕೈ ನೋಡಿ ನಿರ್ಧರಿಸುತ್ತೇನೆ. ಒಂದೇ ಕೀಲಿನ ಸ್ನ್ಯಾಫಲ್ ಎರಡೂ ಲಗಾಮು ಒಟ್ಟಿಗೆ ಎಳೆದಾಗ ಅಡಕತ್ತರಿಯಂತೆ ಮಡಚಿ ನಾಲಿಗೆಯನ್ನು ಎರಡು ಬದಿಯಿಂದ ಹಿಂಡುತ್ತದೆ. ನಡುವೆ ಉರುಟಾದ ಗುಂಡು ಇರುವ ಎರಡು ಕೀಲಿನದು ನಾಲಿಗೆಯ ಮೇಲೆ ಹೆಚ್ಚು ಸಮವಾಗಿ ಕೂರುತ್ತದೆ. ಉಂಗುರ ಸಡಿಲವಾಗಿ ತಿರುಗುವ ಲೂಸ್ ರಿಂಗ್ ಕೈಯ ಪ್ರತಿಯೊಂದು ನಡುಕವನ್ನೂ ಬಾಯಿಗೆ ದಾಟಿಸುತ್ತದೆ. ಕೈ ಪಳಗಿದ ಸವಾರನಿಗೆ ಅದು ವರ, ಇನ್ನೂ ಜೀನಿನ ಮೇಲೆ ಸ್ಥಿರವಾಗಿ ಕೂರಲು ಬಾರದ ಮಗುವಿಗೆ ಅಲ್ಲ. ಹೀಗಾಗಿ ಮೊದಲ ಎರಡು ಮೂರು ವರ್ಷ ನಾನು ಮಕ್ಕಳಿಗೆ ಕೊಡುವುದು ಎಗ್‌ಬಟ್, ಅಂದರೆ ಉಂಗುರ ಬಿಟ್‌ಗೆ ಮೊಟ್ಟೆಯಾಕಾರದಲ್ಲಿ ಬೆಸೆದುಕೊಂಡು ಅಲುಗಾಡದೆ ಇರುವ ಎರಡು ಕೀಲಿನ ಸ್ನ್ಯಾಫಲ್. ತಿರುಗಿಸುವಾಗ ಒಂದೇ ಕೈಯನ್ನು ಅಗಲಕ್ಕೆ ಎಳೆಯುವ ಚಿಕ್ಕ ಮಕ್ಕಳಿಗೆ, ಕೆನ್ನೆಗೆ ಒರಗುವ ಉದ್ದ ಕಡ್ಡಿಗಳಿರುವ ಫುಲ್ ಚೀಕ್ ಅನ್ನು ಆಗೊಮ್ಮೆ ಈಗೊಮ್ಮೆ ಬಳಸಿದ್ದೇನೆ.

ಕೊಳ್ಳುವಾಗ ಕಣ್ಣಿಗಿಂತ ಬೆರಳನ್ನು ನಂಬಬೇಕು. ಕಾನ್ಪುರದ ಜೀನು ಸಾಮಗ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಲ್ಲಿಂದ ಬರುವ ಒಳ್ಳೆಯ ಸರಕು ನಿಜಕ್ಕೂ ಒಳ್ಳೆಯದು. ಆದರೆ ಮಾರುಕಟ್ಟೆಯಲ್ಲಿ ನಿಕಲ್ ಲೇಪನದ ಅಗ್ಗದ ಬಿಟ್‌ಗಳೂ ಬೇಕಾದಷ್ಟಿವೆ. ಆರು ತಿಂಗಳಲ್ಲಿ ಲೇಪನ ಎದ್ದು ಅಂಚು ಗರಗಸವಾಗುತ್ತದೆ. ಕೀಲಿನ ಒಳಗೆ, ಉಂಗುರ ತೂರುವ ತೂತಿನ ಬಾಯಲ್ಲಿ ಕಿರುಬೆರಳು ಆಡಿಸಿದಾಗ ಎಲ್ಲಾದರೂ ಚುಚ್ಚಿದರೆ ಅದನ್ನು ಅಲ್ಲಿಯೇ ಬಿಟ್ಟು ಬರುತ್ತೇನೆ.

ಇನ್ನು ನಿಯಮದ ಮಾತು. ನಮ್ಮಲ್ಲಿ ಭಾರತೀಯ ಅಶ್ವಕ್ರೀಡಾ ಒಕ್ಕೂಟದ ಜೂನಿಯರ್ ರಾಷ್ಟ್ರೀಯ ಸ್ಪರ್ಧೆಗಳಿಗೆ ಮಕ್ಕಳನ್ನು ಸಿದ್ಧಪಡಿಸುವವರು ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐಯ ನಿಯಮಗಳನ್ನೂ, ಆಯಾ ಸ್ಪರ್ಧೆಯ ಪ್ರಕಟಣೆಯನ್ನೂ ಜೊತೆಜೊತೆಯಾಗಿ ಓದಬೇಕಾಗುತ್ತದೆ. ಇಲ್ಲಿ ಮೊದಲು ಎಡವುವುದು ವಯೋವಿಭಾಗದ ಹೆಸರುಗಳಲ್ಲಿ. ಎಫ್‌ಇಐ ಲೆಕ್ಕದಲ್ಲಿ 'ಚಿಲ್ಡ್ರನ್' ಎಂದರೆ 12ರಿಂದ 14, 'ಪೋನಿ' ಸವಾರರು 12ರಿಂದ 16, 'ಜೂನಿಯರ್' 14ರಿಂದ 18, 'ಯಂಗ್ ರೈಡರ್' 16ರಿಂದ 21 ವರ್ಷ. ಹದಿಮೂರರ ಮಗಳಿಗಾಗಿ ಯಂಗ್ ರೈಡರ್ ಪುಟ ಓದಿಕೊಂಡು ಬಿಟ್ ಕೊಂಡು ತಂದ ಪೋಷಕರನ್ನು ನಾನು ಕಂಡಿದ್ದೇನೆ. ಡ್ರೆಸಾಜ್‌ನಲ್ಲಿ ಅನುಮತಿಯ ಪಟ್ಟಿ ಬಿಗಿಯಾದದ್ದು: ಗ್ಯಾಗ್, ಸನ್ನೆಯೂ ಗದ್ದದ ಸರಪಳಿಯೂ ಇರುವ ಪೆಲ್ಹಮ್, ಕಿಂಬಲ್‌ವಿಕ್ ಯಾವುದೂ ನಡೆಯದು, ಬಿಟ್ ಇಲ್ಲದ ತಲೆಪಟ್ಟಿಯೂ ನಡೆಯದು. ಮುಂದೆ ಎರಡು ಬಿಟ್‌ಗಳ ಡಬಲ್ ಬ್ರೈಡಲ್ ತಲುಪುವ ಹಿರಿಯ ಮಕ್ಕಳಿಗೆ, ಸನ್ನೆಯಿರುವ ಕರ್ಬ್ ಬಿಟ್ ಕನಿಷ್ಠ 12, ಅದರ ಜೊತೆಗಿನ ತೆಳು ಸ್ನ್ಯಾಫಲ್ ಆದ ಬ್ರಿಡೂನ್ ಕನಿಷ್ಠ 10 ಮಿಲಿಮೀಟರ್ ದಪ್ಪವಿರಬೇಕು, ಕರ್ಬ್‌ನ ಸನ್ನೆಯ ಉದ್ದ ಬಾಯಿತುಂಡಿನ ಕೆಳಗೆ 10 ಸೆಂಟಿಮೀಟರ್ ಮೀರಬಾರದು. ದಪ್ಪವನ್ನು ಉಂಗುರದ ಪಕ್ಕದಲ್ಲೇ ಅಳೆಯುತ್ತಾರೆ; ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ ಒಂದು ಕ್ಯಾಲಿಪರ್ ಸದಾ ಇರುತ್ತದೆ. ಜಂಪಿಂಗ್‌ನಲ್ಲಿ ದೊಡ್ಡವರಿಗೆ ಹೆಚ್ಚಿನ ಸ್ವಾತಂತ್ರ್ಯವಿದೆ, ಆದರೆ ಮಕ್ಕಳ ಮತ್ತು ಪೋನಿ ವಿಭಾಗಗಳಿಗೆ ಪ್ರತ್ಯೇಕ ಅನುಬಂಧಗಳಿವೆ. ನಿಯಮಗಳ ಹೊಸ ಆವೃತ್ತಿ ಸಾಮಾನ್ಯವಾಗಿ ಜನವರಿ 1ರಿಂದ ಜಾರಿಯಾಗುವುದರಿಂದ, ಹೊಸ ವರ್ಷದ ಮೊದಲ ವಾರ ಪಠ್ಯವನ್ನು ತರಿಸಿಕೊಂಡು ಓದುತ್ತೇನೆ. ಸಂದೇಹ ಬಂದ ಬಿಟ್‌ನ ಚಿತ್ರವನ್ನು, ಅನುಮತಿಯಿರುವ ಸಾಮಗ್ರಿ ತೋರಿಸುವ ಎಫ್‌ಇಐಯ ಟ್ಯಾಕ್‌ಆ್ಯಪ್‌ನಲ್ಲಿ ಹೋಲಿಸುತ್ತೇನೆ. ಆಮೇಲೂ ಉಳಿದದ್ದನ್ನು ಸ್ಪರ್ಧೆಯ ಸ್ಟೀವರ್ಡ್‌ಗೆ ಮೊದಲೇ ತೋರಿಸಿ ಕೇಳುತ್ತೇನೆ. ಮೂಗುಪಟ್ಟಿಯೂ ಇದರ ಜೊತೆಗೇ ಬರುವ ಸಂಗತಿ. ಬಿಗಿದ ಪಟ್ಟಿ ಕುದುರೆಯ ಬಾಯಿಯ ನೋವನ್ನು ಮುಚ್ಚಿಡುತ್ತದೆ ಅಷ್ಟೇ, ಹೋಗಲಾಡಿಸುವುದಿಲ್ಲ. 2025ರಿಂದ ಎಫ್‌ಇಐ ಸ್ಪರ್ಧೆಗಳಲ್ಲಿ ಮೂಗಿನ ಎಲುಬಿನ ಮೇಲೆ 1.5 ಸೆಂಟಿಮೀಟರ್ ಎಡೆ ಇದೆಯೇ ಎಂದು ಅಳತೆ ಸಾಧನದಿಂದಲೇ ನೋಡುತ್ತಾರೆ.

ಸ್ಪರ್ಧೆಯ ನಿಯಮಗಳ ಹೊರಗೂ ಒಂದು ಕಾನೂನಿದೆ, ಅದು ಕುದುರೆ ಸಾಕುವ ಎಲ್ಲರಿಗೂ ಗೊತ್ತಿರಬೇಕು. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳು ಮುಳ್ಳಿನ ಕಡಿವಾಣವನ್ನು ನಿಷೇಧಿಸಿವೆ. ಆದರೂ ಅವು ಇನ್ನೂ ಕಣ್ಣಿಗೆ ಬೀಳುತ್ತವೆ. ಮದುವೆ ಮೆರವಣಿಗೆಗಳಲ್ಲಿ ದುಡಿದು ನಮ್ಮ ಲಾಯಕ್ಕೆ ಬಂದ ಒಂದು ಬಿಳಿ ಹೆಣ್ಣು ಕುದುರೆಯ ನಾಲಿಗೆಯ ಮೇಲೆ ಅಡ್ಡಲಾಗಿ ಬಿಳಿಗಟ್ಟಿದ ಗಾಯದ ಗೆರೆಯಿತ್ತು, ತುಟಿಯ ಮೂಲೆಗಳು ಜಡ್ಡುಗಟ್ಟಿದ್ದವು. ಅದಕ್ಕೆ ಯಾವ ಲೋಹವನ್ನೂ ಹಾಕಬಾರದೆಂದು ನಾವು ತೀರ್ಮಾನಿಸಿ, ಮೂಗಿನ ಪಟ್ಟಿಯಿಂದ ಲಗಾಮು ಹೊರಡುವ ಸೈಡ್‌ಪುಲ್ ಕಟ್ಟಿದೆವು. ಡ್ರೆಸಾಜ್ ಕಣ ಅದಕ್ಕೆ ಎಂದೂ ಒದಗಲಾರದು. ಆದರೆ ಎಂಟೊಂಬತ್ತು ವರ್ಷದ ಎಷ್ಟೋ ಮಕ್ಕಳು ಮೊದಲ ಪಾಠ ಕಲಿತದ್ದು ಅದರ ಬೆನ್ನ ಮೇಲೆಯೇ.

ಬಿಟ್ ಸರಿಯಾದ ಮೇಲೂ ಹುಡುಗಿಯ ಕೈ ಸರಿಯಾಗಬೇಕಿತ್ತು, ಮತ್ತು ಹೆಚ್ಚು ಸಮಯ ತೆಗೆದುಕೊಂಡದ್ದು ಅದೇ. ಒಂದು ಮಧ್ಯಾಹ್ನ ಅವಳನ್ನು ಜಗಲಿಯ ಮೇಲೆ ಕೂರಿಸಿ, ಸ್ನ್ಯಾಫಲ್ ಅನ್ನು ಅವಳ ಬರಿಯ ಮುಂಗೈಗೆ ಅಡ್ಡಲಾಗಿ ಇಟ್ಟು, ನಾನು ಲಗಾಮು ಹಿಡಿದು, ಅವಳು ಎಳೆಯುತ್ತಿದ್ದಂತೆಯೇ ಒಮ್ಮೆ ಎಳೆದೆ. ಬಳಿಕ ಗ್ಯಾಗ್‌ನಿಂದ, ಅರ್ಧದಷ್ಟೇ ಬಲದಲ್ಲಿ. ಅವಳು ಬಹಳ ಹೊತ್ತು ತನ್ನ ಮುಂಗೈಯನ್ನೇ ಸವರಿಕೊಳ್ಳುತ್ತಾ ಕೂತಿದ್ದು, "ಇಷ್ಟು ದಿನ ಅದು ಏನೂ ಹೇಳಲೇ ಇಲ್ಲವಲ್ಲ ಮೇಡಂ" ಎಂದಳು. ಮುಂದಿನ ಆರು ವಾರ ಲಗಾಮಿಲ್ಲದೆ, ನಾನು ಉದ್ದ ಹಗ್ಗದಲ್ಲಿ ಕುದುರೆಯನ್ನು ವೃತ್ತದಲ್ಲಿ ಓಡಿಸುತ್ತಿದ್ದಂತೆ ಅವಳು ಬರಿ ಸೊಂಟದಿಂದ ಸಮತೋಲ ಕಲಿತಳು. ಕುದುರೆಯ ಕೊರಳಿಗೆ ಹಳೆಯ ರಿಕಾಪಿನ ಪಟ್ಟಿ ಸುತ್ತಿ, ಹಾರುವಾಗ ಲಗಾಮಿನ ಬದಲು ಅದನ್ನು ಹಿಡಿಯುವುದನ್ನು ರೂಢಿಸಿದೆವು. ಕುದುರೆ ಬಿಟ್‌ನ ಮೇಲೆ ಭಾರ ಹಾಕಿದೊಡನೆ ಎಳೆಯದೆ, ಒಂದು ಕ್ಷಣ ಕೈ ಸಡಿಲಿಸಿ, ಮತ್ತೆ ಮುಟ್ಟಿ, ದೊಡ್ಡ ವೃತ್ತಕ್ಕೆ ತಿರುಗಿಸುವುದು. ಆನಿಕೆ ಸಿಗದಿದ್ದರೆ ಅದು ಯಾವುದರ ಮೇಲೆ ಒರಗೀತು? ನಾಲ್ಕನೆಯ ತಿಂಗಳಿನಲ್ಲಿ ಅವಳು ಅದೇ ಸಾದಾ ಸ್ನ್ಯಾಫಲ್‌ನಲ್ಲಿ ನಾಗಾಲೋಟದಿಂದ ನಡಿಗೆಗೆ, ಉಸಿರು ಬಿಟ್ಟು ಬೆನ್ನು ನೇರ ಮಾಡಿದ ಮಾತ್ರಕ್ಕೆ ಇಳಿಸಿಕೊಂಡಳು.

ಇಷ್ಟೆಲ್ಲ ಮಾಡಿಯೂ ಸಾದಾ ಬಿಟ್‌ನಲ್ಲಿ ಸುರಕ್ಷಿತವಲ್ಲದ ಕುದುರೆಗಳು ಇಲ್ಲವೆಂದಲ್ಲ. ಅಂಥ ಒಂದೆರಡಕ್ಕೆ, ಹದಿನಾರು ದಾಟಿದ, ಕೈ ಹದಗೊಂಡ ಸವಾರರ ಜೊತೆ, ಎರಡು ಜೊತೆ ಲಗಾಮಿನ ಪೆಲ್ಹಮ್ ಅನ್ನು ಬಯಲು ಸವಾರಿಗೆ ಬಳಸಿದ್ದೇನೆ. ಗದ್ದದ ಸರಪಳಿ ತಿರುಚದೆ ಚಪ್ಪಟೆಯಾಗಿ ಕೂತಿದೆಯೇ ಎಂದು ಪ್ರತಿ ಸಲ ನಾನೇ ನೋಡುತ್ತೇನೆ. ಅದಕ್ಕಿಂತ ಚಿಕ್ಕ ಮಗುವಿಗೆ ಬಲವಾದ ಬಿಟ್ ಬೇಕೆನಿಸಿದರೆ ನಾನು ಬದಲಾಯಿಸುವುದು ಕುದುರೆಯನ್ನು.

ಈಗ ನಮ್ಮ ಲಾಯದಲ್ಲಿ ಬಾಯಿ ನೋಡುವ ಕೆಲಸ ಮಕ್ಕಳದೇ. ಸವಾರಿ ಮುಗಿದ ಮೇಲೆ ಕುದುರೆ ನೋಡಿಕೊಳ್ಳುವ ಸೈಸ್ ಜೊತೆ ನಿಂತು ಬಿಟ್ ಅನ್ನು ಬರಿ ನೀರಿನಲ್ಲಿ ತೊಳೆದು, ತುಟಿಯ ಮೂಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೆಂಪು, ತರಚು, ಊತ ಏನಾದರೂ ಕಂಡರೆ ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಕುದುರೆಯ ಹೆಸರಿನ ಎದುರು ಬರೆಯುತ್ತಾರೆ. ಹೆಸರಿನ ಮುಂದೆ ಗುರುತು ಬಿದ್ದ ಕುದುರೆಗೆ ಮರುದಿನ ಬಿಟ್ ಹಾಕುವುದಿಲ್ಲ, ಬಿಟ್ ಇಲ್ಲದ ತಲೆಪಟ್ಟಿಯಾದ ಹಾಲ್ಟರ್ ಅಷ್ಟೇ. ಕಳೆದ ವಾರ ರೇಸಿನಿಂದ ಹೊಸದಾಗಿ ಬಂದ ಕುದುರೆಯ ಹೆಸರಿನ ಎದುರು, ಈಗ ಕಾಲೇಜು ಸೇರಿ ಭಾನುವಾರಗಳಲ್ಲಿ ನನಗೆ ನೆರವಾಗುವ ಆ ಹುಡುಗಿಯ ಕೈಬರಹದಲ್ಲಿ ಹೀಗಿತ್ತು: ಬಲ ಕೆನ್ನೆಯ ಒಳಗೆ ಹುಣ್ಣು, ವೈದ್ಯರು ಬುಧವಾರ, ಅಲ್ಲಿಯವರೆಗೆ ಹಾಲ್ಟರ್ ಮಾತ್ರ.