ಮನೆಯ ಡ್ರೋನ್ ಫೋಟೊ: ಜಾಸ್ತಿ ಮೇಲೆ ಹಾರಿಸಬೇಡಿ

ಮಾರಾಟಕ್ಕಿರುವ ಮನೆಯ ಫೋಟೊ ತೆಗೆಯಲು ಡ್ರೋನ್ ಕೈಗೆ ಬಂದ ಕೂಡಲೇ ಸೀದಾ ಮೇಲಕ್ಕೆ ಹಾರಿಸುವ ಆಸೆ ಆಗುತ್ತದೆ. ನಾನೂ ಅದನ್ನೇ ಮಾಡಿದ್ದೆ. ಬಂದಿದ್ದು ಬರೀ ತಾರಸಿ, ನೀರಿನ ಟ್ಯಾಂಕ್! ಎರಡಂತಸ್ತಿನ ಮನೆಗೆ 8ರಿಂದ 12 ಮೀಟರ್ ಎತ್ತರ ಸಾಕು. ಮೂಲೆಯ ಕಡೆಯಿಂದ, ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವಂತೆ, ಕ್ಯಾಮೆರಾ ಸ್ವಲ್ಪವೇ ಬಾಗಿಸಿ ತೆಗೆಯಿರಿ. ಸುತ್ತಮುತ್ತಲ ಜಾಗ ತೋರಿಸಲು ಎತ್ತರದಿಂದ ಒಂದೆರಡು ಶಾಟ್ ಇದ್ದರೆ ಆಯಿತು.

ಬಿಸಿಲು ಮನೆಯ ಮುಂಭಾಗಕ್ಕೆ ಬೀಳುವ ಹೊತ್ತು ನೋಡಿಕೊಳ್ಳಿ. ಪೂರ್ವದ ಬಾಗಿಲಿನ ಮನೆಗೆ ಬೆಳಿಗ್ಗೆ, ಪಶ್ಚಿಮದ್ದಾದರೆ ಸಂಜೆ. ಆದರೂ ಆಕಾಶ ಬೆಳ್ಳಗಾಗಿ ಮನೆ ಕಪ್ಪಾಗುತ್ತಿದ್ದರೆ ಬ್ರಾಕೆಟಿಂಗ್ ಆನ್ ಮಾಡಿ. ಅಂದರೆ ಒಂದೇ ದೃಶ್ಯವನ್ನು ಕ್ಯಾಮೆರಾ ಕಡಿಮೆ, ಹೆಚ್ಚು ಬೆಳಕಿನಲ್ಲಿ ಹಲವು ಸಲ ತೆಗೆಯುತ್ತದೆ, ಆಮೇಲೆ ಅವನ್ನು ಸೇರಿಸಿ ಒಂದೇ ಫೋಟೊ ಮಾಡಬಹುದು.

ಹಾರಿಸುವ ಮೊದಲು ಒಂದು ಸುತ್ತು ನಡೆದು ಕರೆಂಟ್ ತಂತಿ ಎಲ್ಲಿದೆ ನೋಡಿ. ತೆಳು ತಂತಿ ಸ್ಕ್ರೀನಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಅಡ್ಡ ಬಂದದ್ದನ್ನು ಗುರುತಿಸುವ ಡ್ರೋನಿನ ಸೆನ್ಸರ್ ಕೂಡ ಎಷ್ಟೋ ಸಲ ಹಿಡಿಯುವುದಿಲ್ಲ. ಪಕ್ಕದ ಮನೆಯವರಿಗೂ ಮೊದಲೇ ಹೇಳಿ. ಅವರ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ ಫ್ರೇಮಿಗೆ ಬಂದರೆ ಸುಮ್ನೆ ಜಗಳ ಅಲ್ವಾ? ಹಾಂ, ದುಡ್ಡಿಗೆ ಮಾಡುವ ಶೂಟಿಂಗ್‌ಗೆ ಹಲವು ದೇಶಗಳಲ್ಲಿ ಪೈಲಟ್ ಲೈಸೆನ್ಸ್ ಬೇಕಾಗುತ್ತದೆ. ಅದನ್ನೂ ವಿಚಾರಿಸಿಕೊಳ್ಳಿ.