ಹುದ್ದೆ ಮಂಜೂರಾತಿಗೆ ಕಾಯದೆ ಕ್ಲೇಮು ಕೌಂಟರ್ ನಡೆಸಿದೆವು: ನನ್ನ ಅನುಭವ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಾರ್ಡಿದ್ದ ರೋಗಿಗಳು ಬರುತ್ತಿದ್ದರು, ಆಪರೇಷನ್ ಮುಗಿಸಿಕೊಂಡು ಹೋಗುತ್ತಿದ್ದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಿಂದ ನಮಗೆ ಬರಬೇಕಾದ ದುಡ್ಡು ಮಾತ್ರ ಕೇಸ್ ಶೀಟಿನಲ್ಲೇ ಉಳಿಯುತ್ತಿತ್ತು. 2018ರ ಅಕ್ಟೋಬರಿನಲ್ಲಿ ಎರಡೂ ಯೋಜನೆ ಒಂದಾದ ಮೇಲೂ ಹಾಗೇ. ಇಲ್ಲಿ ನಡುವೆ ವಿಮಾ ಕಂಪನಿ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟೇ ಆಸ್ಪತ್ರೆಗೆ ನೇರವಾಗಿ ಕೊಡುತ್ತದೆ. ಕ್ಲೇಮು ಹಾಕಿ ಆ ದುಡ್ಡು ಕೇಳುವವರೇ ನಮ್ಮಲ್ಲಿರಲಿಲ್ಲ.

'ಮೊದಲು ಆ ಕೆಲಸಕ್ಕೊಂದು ಹುದ್ದೆ ಮಂಜೂರಾಗಲಿ ಸಾರ್' ಎಂದರು ಎಲ್ಲರೂ. ನಾನು ಹೇಳಿದ್ದು ಒಂದೇ: ಕ್ಲೇಮಿನ ದುಡ್ಡು ನಮ್ಮ ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯ ಖಾತೆಗೆ ಬರುತ್ತದೆ, ಅದರಿಂದಲೇ ಸಂಬಳ ಕೊಡೋಣ. ಸಮಿತಿಯಲ್ಲಿ ಠರಾವು ಮಾಡಿಸಲು ಮೂರು ಸಭೆ ಬೇಕಾಯಿತು. ತಿಂಗಳಿಗೆ ಹದಿನಾಲ್ಕು ಸಾವಿರದ ಹಾಗೆ ಒಬ್ಬ ಆಪರೇಟರನ್ನು ಹೊರಗುತ್ತಿಗೆಯಲ್ಲಿ ತೆಗೆದುಕೊಂಡೆವು.

ಮೊದಲ ನಾಲ್ಕು ತಿಂಗಳು ಬರೀ ನಷ್ಟ. ರೋಗಿ ಡಿಸ್ಚಾರ್ಜ್ ಆದ ಮೇಲೆ ಆಪರೇಟರ್ ಹುಡುಗ ಕಾಗದ ಹುಡುಕುತ್ತ ವಾರ್ಡು ವಾರ್ಡು ಅಲೆಯುತ್ತಿದ್ದ. ಸುಮಾರು ಅರವತ್ತು ಕ್ಲೇಮು ಹಾಕಿದೆವು, ಅರ್ಧಕ್ಕಿಂತ ಹೆಚ್ಚು ತಿರಸ್ಕೃತವಾದವು. ಒಂದರಲ್ಲಿ ಆಪರೇಷನ್ ನೋಟ್ಸಿಗೆ ಸಹಿ ಇಲ್ಲ, ಇನ್ನೊಂದರಲ್ಲಿ ರೋಗಿಯ ಫೋಟೋ ಮಸುಕು, ಮತ್ತೊಂದರಲ್ಲಿ ತಾರೀಖು ತಾಳೆಯಿಲ್ಲ. ಎರಡು ತಿಂಗಳ ಸಂಬಳ ತಡವಾಗಿ ಹುಡುಗನೂ ಬಿಟ್ಟುಹೋದ. ಅವನ ಬಾಕಿ ತೀರಿಸುವ ತನಕ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಆಮೇಲೆ ಕೆಲಸವನ್ನು ತಿರುಗಿಸಿ ಹಾಕಿದೆ. ಅನುಭವಸ್ಥ ಸ್ಟಾಫ್ ನರ್ಸ್ ಒಬ್ಬರನ್ನು ಬೆಳಿಗ್ಗೆ ಎರಡು ಗಂಟೆ ಕೌಂಟರಿಗೆ ಕೂರಿಸಿದೆ. ದಾಖಲಾದ ದಿನವೇ ಕಾರ್ಡು, ಫೋಟೋ, ಪ್ರೀಆಥ್ (ಚಿಕಿತ್ಸೆಗೆ ಟ್ರಸ್ಟಿನ ಮುಂಗಡ ಅನುಮತಿ) ಮೂರೂ ಮುಗಿಯಬೇಕು. ಸಹಿಯಿಲ್ಲದ ಕೇಸ್ ಶೀಟು ಓಟಿಯಿಂದ ಹೊರಗೆ ಬರಬಾರದು. ಸರ್ಜನ್ ಸಾಹೇಬರು ಒಂದು ವಾರ ಮುನಿಸಿಕೊಂಡರು, ಆಮೇಲೆ ತಾವೇ ನೆನಪಿಸತೊಡಗಿದರು. ಕೌಂಟರಿಗೆ ಬೇಕಾದದ್ದು ಟೈಪಿಂಗ್ ಬಲ್ಲವರಲ್ಲ, ಕೇಸ್ ಶೀಟು ಓದಬಲ್ಲವರು. ಇದನ್ನು ಯಾರೂ ನಂಬಿರಲಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಎಪಿಎಲ್‌ನವರಿಗೆ ಪ್ಯಾಕೇಜಿನ (ಚಿಕಿತ್ಸೆಗೆ ಗೊತ್ತುಮಾಡಿದ ದರದ) ಶೇ 30ರಷ್ಟೇ ಸಿಗುತ್ತದೆ, ಕೆಲಸ ಮಾತ್ರ ಬಿಪಿಎಲ್ ಕೇಸಿನಷ್ಟೇ. ಅವರ ಕೇಸು ಬದಿಗಿಟ್ಟು ಬಿಪಿಎಲ್ ಮಾತ್ರ ಹಾಕಿ ನೋಡಿದೆ. ಉಳಿತಾಯವಾದದ್ದು ದಿನಕ್ಕೆ ಅರ್ಧ ಗಂಟೆ; ವಾರ್ಡಿನಲ್ಲಿ ಯಾವ ಕೇಸು ಕೊಡಬೇಕು, ಯಾವುದು ಬೇಡ ಎಂಬ ಗೊಂದಲ ಮಾತ್ರ ಬೆಳೆಯಿತು. ಒಂದೇ ತಿಂಗಳಿಗೆ ಕೈಬಿಟ್ಟೆ.

ಎಂಟನೇ ತಿಂಗಳ ಹೊತ್ತಿಗೆ ಕ್ಲೇಮಿನ ದುಡ್ಡು ತಿಂಗಳಿಗೆ ಆರು ಲಕ್ಷ ದಾಟಿತು. ಹೆರಿಗೆ, ಹರ್ನಿಯಾದಂಥ ಸಣ್ಣ ಕೇಸುಗಳದ್ದೇ ಹೆಚ್ಚು ಪಾಲು. ಈಗ ಇಬ್ಬರು ಆಪರೇಟರುಗಳು, ಸಂಬಳ ಐದನೇ ತಾರೀಖಿನೊಳಗೆ. ಕ್ಲೇಮಿನ ಬಗ್ಗೆ ಟ್ರಸ್ಟಿನಿಂದ ಕ್ವೆರಿ (ಪ್ರಶ್ನೆ) ಬಂದರೆ ಉತ್ತರ ಬರೆಯಲು ನಾವೇ ಮಾಡಿಕೊಂಡ ಒಂದು ನಮೂನೆ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನಮ್ಮ ಸಿಸ್ಟರ್ ಎರಡು ವರ್ಷ ತಿದ್ದಿ ತಿದ್ದಿ ಮಾಡಿದ್ದು. ಕೌಂಟರಿಗೆ ಬಂದು ಕೂತವರಿಗೆ ಅವರೇ ತೋರಿಸುತ್ತಾರೆ. ರಾತ್ರಿ ಪಾಳಿಯ ಎಮರ್ಜೆನ್ಸಿ ಕೇಸುಗಳು ಮಾತ್ರ ಇನ್ನೂ ಕೈತಪ್ಪುತ್ತಿವೆ. ಮುಂದಿನ ಸಭೆಗೆ ಮೂರನೆಯ ಆಪರೇಟರ ಠರಾವು ಬರೆದಿಟ್ಟಿದ್ದೇನೆ.